ರೆಡಿಸ್ ಜೋಡಿಸುವುದು ಸುಲಭ, ಅದು ಮರೆತರೆ ಏನು ಮಾಡ್ತೀರಿ?

ಸಂಪಾದಕರಿಗೆ ನಮಸ್ಕಾರ,

ನಿಮ್ಮ ತಂತ್ರಜ್ಞಾನ ಪುಟದಲ್ಲಿ ಮೊನ್ನೆ ರೆಡಿಸ್ ಎಂಬ, ಮಾಹಿತಿಯನ್ನು ಮೆಮೊರಿಯಲ್ಲೇ ಇಟ್ಟು ಬೇಗ ಕೊಡುವ ಡೇಟಾಬೇಸ್ ಬಗ್ಗೆ ಬಂದ ಲೇಖನ ಓದಿದೆ. ಕನ್ನಡದಲ್ಲಿ ಇಂಥ ವಿಷಯ ಬರುವುದೇ ಅಪರೂಪ, ಅದಕ್ಕೆ ಮೊದಲು ಥ್ಯಾಂಕ್ಸ್. ಬರೆದವರು ವಿಷಯ ಗೊತ್ತಿರುವವರೇ. ಆದರೆ ಕೊನೆಯ ಪ್ಯಾರಾದಲ್ಲಿ ಒಂದು ಮಾತಿತ್ತು. ಕಂಪನಿಯಲ್ಲಿ ಈಗಾಗಲೇ ಇರುವ ಇಂಟಿಗ್ರೇಷನ್ ಸಾಫ್ಟ್‌ವೇರಿಗೆ ರೆಡಿಸ್ ಜೋಡಿಸುವುದು ಅರ್ಧ ಗಂಟೆಯ ಕೆಲಸ, ಜೋಡಿಸಿದ ಕೂಡಲೇ ಎಲ್ಲ ಫಾಸ್ಟ್ ಆಗುತ್ತದೆ ಅಂತ. ಸುಳ್ಳಲ್ಲ. ನಾನು ಇಪ್ಪತ್ತೇ ನಿಮಿಷದಲ್ಲಿ ಜೋಡಿಸಿದ್ದೆ. ಆ ಇಪ್ಪತ್ತು ನಿಮಿಷಕ್ಕೆ ಆಮೇಲೆ ಎಷ್ಟು ರಾತ್ರಿ ನಿದ್ದೆಗೆಟ್ಟೆ ಅಂತ ಹೇಳೋಣ ಎಂದೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು, ಕತ್ತರಿಸುವುದಾದರೆ ಮಧ್ಯದಲ್ಲಿ ಕತ್ತರಿಸಬೇಡಿ.

ಈ ಕೆಲಸದ ಗಂಧ ಗಾಳಿ ಇಲ್ಲದ ಓದುಗರಿಗೆ ಮೊದಲು ಎರಡು ಮಾತು. ದೊಡ್ಡ ಕಂಪನಿಯಲ್ಲಿ ಒಂದೇ ಸಾಫ್ಟ್‌ವೇರ್ ಇರುವುದಿಲ್ಲ. ಆರ್ಡರ್ ತೆಗೆದುಕೊಳ್ಳುವುದು ಒಂದು, ಗೋದಾಮಿನ ಲೆಕ್ಕ ಇಡುವುದು ಇನ್ನೊಂದು, ದುಡ್ಡಿನ ಲೆಕ್ಕದ್ದು ಮತ್ತೊಂದು. ಒಂದೊಂದೂ ಮಾಹಿತಿಯನ್ನು ಬೇರೆ ಬೇರೆ ರೂಪದಲ್ಲಿ ಬರೆಯುತ್ತದೆ. ಒಂದು ಜೆಸನ್‌ನಲ್ಲಿ ಮಾತಾಡುತ್ತದೆ, ಒಂದು ಎಕ್ಸ್‌ಎಂಎಲ್‌ನಲ್ಲಿ, ಇನ್ನೊಂದು ಹಳೇ ಕಾಲದ್ದು ರಾತ್ರಿ ಹನ್ನೆರಡಕ್ಕೆ ಒಂದು ಫೈಲ್ ಇಟ್ಟು ಸುಮ್ಮನಾಗಿಬಿಡುತ್ತದೆ. ಇವುಗಳ ಮಧ್ಯೆ ನಿಂತು ಮೆಸೇಜ್ ಇಸಕೊಂಡು, ಅದರ ರೂಪ ಬದಲಿಸಿ, ಬೇಕಾದವರಿಗೆ ಮುಟ್ಟಿಸುವುದೇ ಇಂಟಿಗ್ರೇಷನ್ ಸಾಫ್ಟ್‌ವೇರ್. ಮ್ಯೂಲ್, ಅಪಾಚೆ ಕ್ಯಾಮೆಲ್ ಎಲ್ಲ ಇದೇ ಜಾತಿ. ಒಂದು ಹೇಸರಗತ್ತೆ, ಇನ್ನೊಂದು ಒಂಟೆ. ಹೆಸರಿಟ್ಟವರಿಗೆ ಇದು ಹೊರೆ ಹೊರುವ ಕೆಲಸ ಅಂತ ಚೆನ್ನಾಗಿ ಗೊತ್ತಿತ್ತು. ಮ್ಯೂಲ್ ಶುರು ಮಾಡಿದ ರಾಸ್ ಮೇಸನ್ ಅಂತೂ ಇಂಟಿಗ್ರೇಷನ್ನಿನ ಕತ್ತೆ ಚಾಕರಿಯಿಂದ ಜನರನ್ನು ಬಿಡಿಸಬೇಕು ಎಂದೇ ಆ ಹೆಸರಿಟ್ಟದ್ದು.

ರೆಡಿಸ್ ಅಂದರೆ ರಿಮೋಟ್ ಡಿಕ್ಷನರಿ ಸರ್ವರ್. ಇಟಲಿಯ ಸಾಲ್ವತೋರೆ ಸಾನ್‌ಫಿಲಿಪ್ಪೊ 2009ರಲ್ಲಿ ಹೊರಬಿಟ್ಟದ್ದು. ಒಂದು ಕೀ (ಅಂದರೆ ಹೆಸರು), ಅದರ ಜೊತೆ ಇಡುವ ಮಾಹಿತಿ, ಎಲ್ಲ ರ‍್ಯಾಮ್‌ನಲ್ಲಿ. ಡಿಸ್ಕ್ ಹತ್ತಿರ ಹೋಗದೇ ಉತ್ತರ ಕೊಡುವುದರಿಂದ, ಪಕ್ಕದ ಸರ್ವರಿಗೆ ಹೋಗಿ ಬರುವ ಹೊತ್ತು ಸೇರಿಸಿದರೂ ಸಾಮಾನ್ಯವಾಗಿ ಒಂದು ಮಿಲಿಸೆಕೆಂಡಿನ ಒಳಗೇ ಕೆಲಸ ಮುಗಿಯುತ್ತದೆ. ಇದನ್ನೆಲ್ಲ ನಿಮ್ಮ ಲೇಖನದಲ್ಲೇ ಚೆನ್ನಾಗಿ ಹೇಳಿದ್ದಾರೆ, ನಾನು ಮತ್ತೆ ಹೇಳಲ್ಲ.

ಜೋಡಿಸುವುದು ಅಂದರೆ ಒಂದು ಫಾರಂ ತುಂಬುವುದು. ಹೋಸ್ಟ್ ಅಂದರೆ ರೆಡಿಸ್ ಇರುವ ಸರ್ವರಿನ ಹೆಸರು, ಪೋರ್ಟ್ ಅಂದರೆ ಅದರ ಬಾಗಿಲಿನ ನಂಬರ್ 6379, ಪಾಸ್‌ವರ್ಡ್. ಟೆಸ್ಟ್ ಕನೆಕ್ಷನ್ ಒತ್ತಿದರೆ ಹಸಿರು ಟಿಕ್ ಬರುತ್ತದೆ. (ಈ 6379 ಎಲ್ಲಿಂದ ಬಂತು ಗೊತ್ತಾ? ಹಳೇ ಮೊಬೈಲಿನ ಗುಂಡಿಗಳಲ್ಲಿ ಇಟಲಿಯ ಟಿವಿ ತಾರೆ ಅಲೆಸ್ಸಿಯಾ ಮೆರ್ಜ್ ಅವರ ಮನೆತನದ ಹೆಸರು ಒತ್ತಿದರೆ ಬರುವ ಅಂಕೆ ಅದು. ಸಾನ್‌ಫಿಲಿಪ್ಪೊ ಮತ್ತು ಗೆಳೆಯರ ತಮಾಷೆ ಇವತ್ತು ಜಗತ್ತಿನ ಎಷ್ಟೋ ಕಂಪನಿಗಳ ಫೈರ್‌ವಾಲ್ ಪಟ್ಟಿಯಲ್ಲಿ ಕೂತಿದೆ.) ಆ ಹಸಿರು ಟಿಕ್ ಹೇಳುವುದು ಇಷ್ಟೇ: ಆಚೆ ಕಡೆ ಯಾರೋ ಇದ್ದಾರೆ, ಪಾಸ್‌ವರ್ಡ್ ಸರಿ ಇದೆ. ಒಳಗೆ ಏನಿಡುತ್ತೀರಿ, ಅದು ಮಾಯವಾದರೆ ಏನಾಗುತ್ತದೆ ಅಂತ ಫಾರಂ ಕೇಳುವುದೇ ಇಲ್ಲ.

ಈಗ ನಮ್ಮ ಕಥೆ. ನಾನಾಗ ಇದ್ದ ಕಂಪನಿಯ ಹೆಸರು ಬೇಡ. ಅಲ್ಲಿ ರೆಡಿಸನ್ನು ತಂದದ್ದು ಸರಕಿನ ಪಟ್ಟಿ ಇಡುವುದಕ್ಕೆ. ಪ್ರತಿ ಆರ್ಡರಿಗೂ ಸರಕಿನ ವಿವರ ಬೇಕು, ಅದನ್ನು ಪ್ರತಿ ಸಲ ಹಿಂದಿನ ಹಳೇ ಸಿಸ್ಟಮ್ಮನ್ನು ಕೇಳಿದರೆ ಅದು ಏದುಸಿರು ಬಿಡುತ್ತಿತ್ತು. ಪಟ್ಟಿಯ ನಕಲು ರೆಡಿಸ್‌ನಲ್ಲಿ ಇಟ್ಟೆವು. ಎಲ್ಲರೂ ಖುಷಿ. ನಿಮ್ಮ ಲೇಖನ ಇಲ್ಲಿಗೆ ನಿಲ್ಲುತ್ತದೆ.

ಎರಡು ತಿಂಗಳಾದ ಮೇಲೆ ಇನ್ನೊಂದು ಕೆಲಸ ಬಂತು. ನಮಗೆ ಆರ್ಡರ್ ಕಳಿಸುವ ಸಿಸ್ಟಮ್ಮಿಗೆ ಒಂದು ಅಭ್ಯಾಸ ಇತ್ತು. ಅವತ್ತು ಕಳಿಸಿದ ಯಾವ ಮೆಸೇಜಿಗೆ ‘ಮುಟ್ಟಿತು’ ಅನ್ನುವ ಉತ್ತರ ಸಿಕ್ಕಿಲ್ಲವೋ ಅದನ್ನೆಲ್ಲ ರಾತ್ರಿ ಮತ್ತೊಮ್ಮೆ ಕಳಿಸುತ್ತಿತ್ತು. ಇದು ತಪ್ಪಲ್ಲ. ಮೆಸೇಜ್ ಕಳೆದು ಹೋಗುವುದಕ್ಕಿಂತ ಎರಡು ಸಲ ಬರುವುದೇ ವಾಸಿ, ಈ ಕ್ಷೇತ್ರದಲ್ಲಿ ಎಲ್ಲರೂ ಒಪ್ಪುವ ಮಾತು. ಹಾಗಾಗಿ ಎರಡನೇ ಸಲ ಬಂದದ್ದನ್ನು ಗುರುತು ಹಿಡಿದು ಬದಿಗಿಡುವ ಜವಾಬ್ದಾರಿ ತಗೊಳ್ಳುವವನದು. ದಾರಿ ಸುಲಭ. ಪ್ರತಿ ಮೆಸೇಜಿಗೂ ಒಂದು ಐಡಿ ಇರುತ್ತದೆ. ಬಂದ ಕೂಡಲೇ ಆ ಐಡಿಯನ್ನು 24 ಗಂಟೆಯ ಆಯುಷ್ಯ ಕೊಟ್ಟು ಬರೆದಿಟ್ಟುಕೊಳ್ಳುವುದು. ಮತ್ತೆ ಅದೇ ಐಡಿ ಬಂದರೆ ‘ನಿನ್ನನ್ನು ನೋಡಿದ್ದೇನೆ, ಹೋಗು’ ಅನ್ನುವುದು. ನಮ್ಮ ಇಂಟಿಗ್ರೇಷನ್ ಸಾಫ್ಟ್‌ವೇರ್ ಎರಡು ಸರ್ವರಿನ ಮೇಲೆ ಓಡುತ್ತಿತ್ತು, ಒಂದು ನೋಡಿದ್ದು ಇನ್ನೊಂದಕ್ಕೆ ತಿಳಿಯಬೇಕಲ್ವಾ, ಅದಕ್ಕೆ ಐಡಿಗಳನ್ನು ಇಬ್ಬರೂ ನೋಡುವ ಜಾಗದಲ್ಲಿ ಇಡಬೇಕು. ಹೇಗೂ ರೆಡಿಸ್ ಇದೆ. ಅದಕ್ಕೇ ಹಾಕಿದೆವು. ಈ ಕೆಲಸಕ್ಕೆ ರೆಡಿಸ್ ಜೋಡಿಸಲು ಹಿಡಿದದ್ದೇ ಆ ಇಪ್ಪತ್ತು ನಿಮಿಷ.

ತಿಂಗಳುಗಟ್ಟಲೆ ಸರಿಯಾಗೇ ನಡೆಯಿತು. ಒಂದು ಬೆಳಿಗ್ಗೆ ಗೋದಾಮಿನಿಂದ ಫೋನ್. ಕೆಲವು ಆರ್ಡರ್ ಎರಡೆರಡು ಸಲ ಬಂದಿವೆ, ಕೆಲವಕ್ಕೆ ಸರಕೂ ಎರಡು ಸಲ ಹೊರಟಿದೆ ಅಂತ. ಎಲ್ಲವೂ ಎರಡಾಗಿದ್ದರೆ ಕಂಡುಹಿಡಿಯುವುದು ಸುಲಭ ಇತ್ತು. ಕೆಲವು ಮಾತ್ರ. ಲಾಗ್ ನೋಡಿದರೆ ಒಂದೇ ಒಂದು ಎರರ್ ಇಲ್ಲ. ಕೋಡ್ ಬದಲಾಗಿಲ್ಲ. ಸರ್ವರ್ ಬಿದ್ದಿಲ್ಲ. ಕಳಿಸುವವರ ಕಡೆಯವರು ‘ನಾವು ಯಾವತ್ತಿನ ಹಾಗೇ ಮತ್ತೆ ಕಳಿಸಿದ್ದೇವೆ’ ಎಂದರು. ನಿಜವೇ. ಅವತ್ತು ನಮ್ಮ ಉತ್ತರಗಳು ಅವರಿಗೆ ಮುಟ್ಟಿರಲಿಲ್ಲ, ಆದ್ದರಿಂದ ರಾತ್ರಿ ಸುಮಾರಷ್ಟು ಮತ್ತೆ ಬಂದಿದ್ದವು.

ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಯಾರೋ ರೆಡಿಸ್‌ನಲ್ಲಿ ಇನ್ಫೋ ಕಮಾಂಡ್ ಕೊಟ್ಟರು. ಪುಟಗಟ್ಟಲೆ ಅಂಕಿಗಳ ಮಧ್ಯೆ ಎವಿಕ್ಟೆಡ್ ಕೀಸ್ ಅಂತ ಒಂದು ಸಾಲು, ಅಂದರೆ ಜಾಗ ಸಾಲದೆ ರೆಡಿಸ್ ಬಿಸಾಡಿದ ಕೀಗಳ ಲೆಕ್ಕ. ಅದು ಸೊನ್ನೆ ಇರಬೇಕಿತ್ತು, ಇರಲಿಲ್ಲ. ಲಕ್ಷ ದಾಟಿತ್ತು.

ಆಗಿದ್ದು ಇಷ್ಟು. ನಮ್ಮ ರೆಡಿಸಿಗೆ 2 ಜಿಬಿ ಮಿತಿ ಹಾಕಿದ್ದರು. ಮಿತಿ ತುಂಬಿದರೆ ಏನು ಮಾಡಬೇಕು ಎಂಬುದಕ್ಕೆ ರೆಡಿಸ್‌ನಲ್ಲಿ ಒಂದು ಸೆಟಿಂಗ್ ಇದೆ, ಮ್ಯಾಕ್ಸ್‌ಮೆಮೊರಿ ಪಾಲಿಸಿ. ಏನೂ ಮುಟ್ಟದೆ ಬಿಟ್ಟರೆ ಅದು ನೋ ಎವಿಕ್ಷನ್, ಅಂದರೆ ಹಳೇದನ್ನು ತೆಗೆಯಲ್ಲ, ಹೊಸದನ್ನು ಬರೆಯಲು ಬಂದರೆ ಎರರ್ ಕೊಡುತ್ತದೆ. ನಾವು ರೆಡಿಸ್ ತಂದದ್ದು ಬೇಗ ಸಿಗಲೆಂದು ನಕಲು ಇಟ್ಟುಕೊಳ್ಳುವ ಕ್ಯಾಶ್‌ಗೆ, ಹಾಗಾಗಿ ಅದನ್ನು ಆಲ್‌ಕೀಸ್ ಎಲ್‌ಆರ್‌ಯು ಮಾಡಿದ್ದೆವು. ಜಾಗ ಸಾಲದಿದ್ದರೆ ಬಹಳ ಹೊತ್ತಿನಿಂದ ಯಾರೂ ಮುಟ್ಟದ ಕೀಗಳನ್ನು ಬಿಸಾಡು ಎಂದರ್ಥ. ಕ್ಯಾಶಿಗೆ ಅದೇ ಸರಿ. ಬಿಸಾಡಿದರೆ ಹಿಂದಿನ ಸಿಸ್ಟಮ್ಮನ್ನು ಕೇಳಿದರಾಯಿತು. ಆ ದಿನ ಮಧ್ಯಾಹ್ನ ಸರಕಿನ ಪಟ್ಟಿ ದೊಡ್ಡದಾಗಿ ಬದಲಾಯಿತು, ಹೊಸ ಪಟ್ಟಿ ಒಳಗೆ ಬರುತ್ತಾ ಜಾಗ ತುಂಬಿತು, ರೆಡಿಸ್ ಹೇಳಿದ ಕೆಲಸ ಮಾಡಿತು. ಯಾರೂ ಮುಟ್ಟದ ಕೀ ಯಾವುದು? ಸರಕಿನ ವಿವರವನ್ನು ಪ್ರತಿ ಆರ್ಡರಿಗೂ ಓದುತ್ತಾರೆ, ಅದು ಯಾವಾಗಲೂ ಬಳಕೆಯಲ್ಲಿದೆ. ಮೆಸೇಜ್ ಐಡಿಯನ್ನು ಬೆಳಿಗ್ಗೆ ಒಮ್ಮೆ ಬರೆದು ಬಿಟ್ಟರೆ ಮತ್ತೆ ಯಾರೂ ಅದರ ಮುಖ ನೋಡುವುದಿಲ್ಲ, ಅದೇ ಮೆಸೇಜ್ ಮತ್ತೆ ಬಂದರೆ ಮಾತ್ರ ನೋಡುವುದು. ಅಂದರೆ ಕಳೆದುಕೊಳ್ಳಲೇಬಾರದ ವಸ್ತುವೇ ರೆಡಿಸ್ ಕಣ್ಣಿಗೆ ಎಲ್ಲಕ್ಕಿಂತ ಬೇಡದ ವಸ್ತುವಾಗಿ ಕಂಡಿತು. ಬಿಸಾಡುವಾಗ ಅದು ಎಲ್ಲ ಕೀಗಳನ್ನೂ ತೂಗಿ ನೋಡುವುದಿಲ್ಲ, ಅಲ್ಲೊಂದು ಇಲ್ಲೊಂದು ಆರಿಸಿ, ಸಾಮಾನ್ಯವಾಗಿ ಐದೈದನ್ನು, ಅವುಗಳಲ್ಲಿ ಹಳೇದನ್ನು ತೆಗೆಯುತ್ತದೆ. ಅದಕ್ಕೇ ಕೆಲವು ಐಡಿ ಉಳಿದವು, ಕೆಲವು ಹೋದವು, ಅದಕ್ಕೇ ಕೆಲವು ಆರ್ಡರ್ ಮಾತ್ರ ಎರಡಾದವು.

ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಅಂತಾರಲ್ಲ, ಎರಡನ್ನೂ ಒಂದೇ ನೊಗಕ್ಕೆ ಕಟ್ಟಿದವರು ನಾವು. ಕ್ಯಾಶಿಗೆ ಮರೆವು ಬೇಕು, ಐಡಿ ಪಟ್ಟಿಗೆ ಮರೆವು ಬರಲೇಬಾರದು.

ಸರಿಪಡಿಸುವಾಗಲೂ ಸುಮ್ನೆ ಸುತ್ತಾಡಿದೆವು. ಒಬ್ಬರು, ಐಡಿಗಳನ್ನು ರೆಡಿಸ್‌ನ ಬೇರೆ ಡೇಟಾಬೇಸ್ ನಂಬರಿಗೆ ಹಾಕೋಣ ಎಂದರು. ರೆಡಿಸ್‌ನಲ್ಲಿ 0ಯಿಂದ 15ರವರೆಗೆ ನಂಬರ್ ಇರುತ್ತವೆ, ನೋಡಲು ಬೇರೆ ಬೇರೆ ಕೋಣೆ ಇದ್ದ ಹಾಗೆ. ಆದರೆ ಮೆಮೊರಿ ಮಿತಿ, ಬಿಸಾಡುವ ಪಾಲಿಸಿ ಎರಡೂ ಇಡೀ ಸರ್ವರಿಗೆ ಒಂದೇ. ಗೋಡೆ ಇದೆ, ಸೂರು ಒಂದೇ. ಇನ್ನೊಬ್ಬರು, ಆಯುಷ್ಯ ಹಾಕಿದ ಕೀಗಳನ್ನು ಮಾತ್ರ ಬಿಸಾಡುವ ವೊಲಟೈಲ್ ಎಲ್‌ಆರ್‌ಯು ಪಾಲಿಸಿ ಇದೆಯಲ್ಲ ಎಂದರು. ನೋಡಿದರೆ ನಮ್ಮಲ್ಲಿ ಆಯುಷ್ಯ ಹಾಕಿದ್ದು ಐಡಿಗಳಿಗೇ, ಸರಕಿನ ಪಟ್ಟಿಗೆ ಹಾಕಿರಲಿಲ್ಲ. ಆ ಸಲಹೆ ಕೇಳಿದ್ದರೆ ಐಡಿಗಳು ಮಾತ್ರ ಹೋಗುತ್ತಿದ್ದವು, ಪಟ್ಟಿ ಸುಖವಾಗಿ ಉಳಿಯುತ್ತಿತ್ತು! ಕೊನೆಗೆ ಐಡಿಗಳಿಗೆ ಇನ್ನೊಂದು ಸಣ್ಣ ರೆಡಿಸ್, ಅದಕ್ಕೆ ನೋ ಎವಿಕ್ಷನ್. ಅದು ತುಂಬಿದರೆ ಕೂಗಿಕೊಳ್ಳುತ್ತದೆ, ಫ್ಲೋ (ಮೆಸೇಜ್ ಸಾಗುವ ದಾರಿ) ನಿಲ್ಲುತ್ತದೆ, ನನಗೆ ಫೋನ್ ಬರುತ್ತದೆ. ಬರಲಿ. ಮೆತ್ತಗೆ ಕೈಕೊಡುವುದಕ್ಕಿಂತ ಅದು ಎಷ್ಟೋ ಮೇಲು. ಎವಿಕ್ಟೆಡ್ ಕೀಸ್ ಅಂಕಿಗೂ ಒಂದು ಅಲಾರಂ ಇಟ್ಟೆವು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಕಥೆ, ಗೊತ್ತು.

ಇದರ ಜೊತೆಗೇ ಕಣ್ಣಿಗೆ ಬಿದ್ದ ಇನ್ನೊಂದು ತಪ್ಪು ಹೇಳಲೇಬೇಕು. ನಮ್ಮ ಫ್ಲೋನಲ್ಲಿ ಮೊದಲು ಗೆಟ್ ಮಾಡಿ ಐಡಿ ಇದೆಯಾ ಅಂತ ನೋಡುತ್ತಿದ್ದೆವು, ಇಲ್ಲದಿದ್ದರೆ ಸೆಟ್ ಮಾಡಿ ಬರೆಯುತ್ತಿದ್ದೆವು. ಎರಡು ಸರ್ವರಿಗೆ ಒಂದೇ ಮೆಸೇಜ್ ಒಂದೇ ಗಳಿಗೆಯಲ್ಲಿ ಬಂದರೆ? ಇಬ್ಬರೂ ನೋಡುತ್ತಾರೆ, ಇಬ್ಬರಿಗೂ ‘ಇಲ್ಲ’ ಎಂಬ ಉತ್ತರ, ಇಬ್ಬರೂ ಬರೆಯುತ್ತಾರೆ, ಇಬ್ಬರೂ ಮುಂದೆ ಕಳಿಸುತ್ತಾರೆ. ರೆಡಿಸ್ ಕಮಾಂಡುಗಳನ್ನು ಒಂದಾದ ಮೇಲೆ ಒಂದರಂತೆ ನಡೆಸುತ್ತದೆ ನಿಜ, ಆದರೆ ನಿಮ್ಮ ಎರಡು ಕಮಾಂಡುಗಳ ಮಧ್ಯೆ ಬೇರೆಯವರದ್ದು ನುಗ್ಗಬಹುದು. ಸೆಟ್ ಕಮಾಂಡಿಗೇ ಎನ್‌ಎಕ್ಸ್ ಸೇರಿಸಿ, ಜೊತೆಗೆ ಇಎಕ್ಸ್ ಅಂತ ಆಯುಷ್ಯವನ್ನೂ ಕೊಟ್ಟರೆ ‘ಇಲ್ಲದಿದ್ದರೆ ಮಾತ್ರ ಬರೆ, ಇಷ್ಟು ಹೊತ್ತು ಇಟ್ಟುಕೋ’ ಎಂಬುದು ಒಂದೇ ಏಟಿಗೆ ಆಗುತ್ತದೆ. ಒಬ್ಬರಿಗೆ ಓಕೆ ಬರುತ್ತದೆ, ಇನ್ನೊಬ್ಬರಿಗೆ ನಿಲ್, ಅಂದರೆ ‘ಏನೂ ಇಲ್ಲ’. ರೆಡಿಸ್ 2.6.12ರಿಂದಲೂ ಇದು ಇದೆ, ನಮಗೆ ಕಾಣಲಿಲ್ಲ.

ಅದಾದ ಮೇಲೂ ಒಂದು ತೂತು ಉಳಿಯುತ್ತದೆ. ಐಡಿ ಬರೆದೆವು, ಕೆಲಸ ಶುರು ಮಾಡಿದೆವು, ಗೋದಾಮಿಗೆ ಮುಟ್ಟಿಸುವ ಮೊದಲೇ ಎಡವಿದೆವು. ಈಗ ಕಳಿಸಿದವರು ಮತ್ತೆ ಕಳಿಸಿದರೆ ‘ನಿನ್ನನ್ನು ನೋಡಿದ್ದೇನೆ, ಹೋಗು’ ಎನ್ನುತ್ತೇವೆ. ಮೆಸೇಜ್ ಸತ್ತಿತು. ಕ್ಯಾಮೆಲ್‌ನಲ್ಲಿ ಕೆಲಸ ಕೆಟ್ಟರೆ ಗುರುತನ್ನು ಅಳಿಸುವ ವ್ಯವಸ್ಥೆ ಮೊದಲೇ ಇರುತ್ತದೆ, ಒಳ್ಳೆಯದು. ಆದರೆ ಸರ್ವರೇ ಮಧ್ಯದಲ್ಲಿ ಆರಿಹೋದರೆ ಅಳಿಸುವವರು ಯಾರು? ನಾವು ಮಾಡಿಕೊಂಡ ಉಪಾಯ ಏನೆಂದರೆ, ಮೊದಲು ‘ನಡೀತಿದೆ’ ಅಂತ ಐದು ನಿಮಿಷದ ಆಯುಷ್ಯ ಕೊಟ್ಟು ಬರೆಯುವುದು, ಕೆಲಸ ಮುಗಿದ ಮೇಲೆ ಅದನ್ನೇ ‘ಮುಗೀತು’ ಅಂತ ತಿದ್ದಿ 24 ಗಂಟೆ ಕೊಡುವುದು. ಮಧ್ಯದಲ್ಲಿ ಸತ್ತರೆ ಐದು ನಿಮಿಷದಲ್ಲಿ ಗುರುತು ತಾನಾಗೇ ಅಳಿಯುತ್ತದೆ. ಇದೂ ನೂರಕ್ಕೆ ನೂರು ಅಲ್ಲ. ಗೋದಾಮಿಗೆ ಮುಟ್ಟಿಸಿ, ‘ಮುಗೀತು’ ಬರೆಯುವ ಮುಂಚೆ ಸತ್ತರೆ ಮತ್ತೆ ಎರಡಾಗುತ್ತದೆ. ಅದಕ್ಕೆ ಗೋದಾಮಿನ ಸಿಸ್ಟಮ್ಮೇ ಆರ್ಡರ್ ನಂಬರ್ ನೋಡಿ ಎರಡನೆಯದನ್ನು ನಿರಾಕರಿಸಬೇಕು. ಅಲ್ಲಿ ಡೇಟಾಬೇಸ್‌ನಲ್ಲಿ ಒಂದೇ ನಂಬರ್ ಎರಡು ಸಲ ಬರದಂತೆ ತಡೆಯುವ ಒಂದು ಯುನೀಕ್ ಇಂಡೆಕ್ಸ್ ಹಾಕಿದ್ದರೆ ಈ ಪತ್ರ ಬರೆಯುವ ಅಗತ್ಯವೇ ಇರುತ್ತಿರಲಿಲ್ಲವೇನೋ.

ಸಣ್ಣಪುಟ್ಟ ಪೀಡೆಗಳೂ ಇವೆ. ಒಮ್ಮೆ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಫ್ಲೋ ಒಂದು ಕೀ ಇಟ್ಟಿತು, ಇನ್ನೊಂದು ಭಾಷೆಯಾದ ಪೈಥಾನ್ ಬಳಸುವ ತಂಡ ಅದನ್ನು ಓದಬೇಕು. ಅವರು ಓದಿದರೆ ನಿಲ್. ‘ನೀವು ಬರೆದೇ ಇಲ್ಲ’ ಅಂತ ಅವರು, ‘ಬರೆದಿದ್ದೇವೆ’ ಅಂತ ನಾವು. ಕೊನೆಗೆ ಕೀಗಳ ಪಟ್ಟಿ ತೆಗೆದರೆ ನಮ್ಮ ಕೀ ಹೆಸರಿನ ಮುಂದೆ ಎಸಿ ಇಡಿ 00 05 ಅಂತ ಕಸ ಅಂಟಿಕೊಂಡಿದೆ. ಅದು ಜಾವಾ ತನ್ನ ವಸ್ತುಗಳನ್ನು ಕಟ್ಟಿಡುವಾಗ ಒತ್ತುವ ಮುದ್ರೆ. ಸ್ಪ್ರಿಂಗ್ ಎಂಬ ಜಾವಾ ಸಲಕರಣೆಯ ರೆಡಿಸ್ ಟೆಂಪ್ಲೇಟ್, ನಾವು ಬೇರೆ ಹೇಳದೇ ಇದ್ದರೆ ಹಾಗೇ ಬರೆಯುತ್ತದೆ. ಕೀಯನ್ನು ಸಾದಾ ಅಕ್ಷರಗಳ ಸ್ಟ್ರಿಂಗ್ ಆಗಿ, ಒಳಗಿನದ್ದನ್ನು ಜೆಸನ್ ಆಗಿ ಬರೆ ಅಂತ ಹೇಳಬೇಕು. ಅರ್ಧ ದಿನ ಹೋಯಿತು, ಎರಡು ತಂಡದ ಸ್ನೇಹವೂ ಸ್ವಲ್ಪ.

ಇನ್ನು ರೆಡಿಸ್ ಉಸಿರೇ ಎತ್ತದಿದ್ದರೆ? ರೆಡಿಸ್ ಪ್ರೋಗ್ರಾಮ್ ಪೂರ್ತಿ ನಿಂತರೆ ಪರವಾಗಿಲ್ಲ, ಕನೆಕ್ಷನ್ ಸಾಮಾನ್ಯವಾಗಿ ಕೂಡಲೇ ನಿರಾಕರಣೆ ಆಗುತ್ತದೆ. ನೆಟ್‌ವರ್ಕ್ ತೊಡಕಾಗಿ ಉತ್ತರ ಬಾರದೇ ಕೂತರೆ ಕಷ್ಟ. ರೆಡಿಸ್ ಜೊತೆ ಮಾತಾಡುವ ಜಾವಾದ ಲೆಟ್ಯೂಸ್ ಲೈಬ್ರರಿ ಒಂದು ಕಮಾಂಡಿಗೆ ಸುಮ್ಮನೆ ಬಿಟ್ಟರೆ 60 ಸೆಕೆಂಡ್ ಕಾಯುತ್ತದೆ, ಅಂಥದ್ದೇ ಇನ್ನೊಂದು, ಜೆಡಿಸ್ ಆದರೆ 2 ಸೆಕೆಂಡ್. ಒಂದು ಮಿಲಿಸೆಕೆಂಡಿನ ವೇಗಕ್ಕಾಗಿ ತಂದ ವಸ್ತುವಿಗೆ ಪ್ರತಿ ಮೆಸೇಜೂ ಒಂದು ನಿಮಿಷ ಕಾಯುತ್ತಾ ನಿಂತರೆ ಹಿಂದೆ ಸಾಲು ಬೆಳೆಯುತ್ತದೆ, ಕೆಲಸ ನಡೆಸುವ ಥ್ರೆಡ್ ಎಲ್ಲ ಮುಗಿಯುತ್ತವೆ, ರೆಡಿಸ್ ಬೇಡದ ಫ್ಲೋಗಳೂ ನಿಲ್ಲುತ್ತವೆ. ಕ್ಯಾಶಿಗೆ ನಾನು ಈಗ 200 ಮಿಲಿಸೆಕೆಂಡ್ ಇಡುತ್ತೇನೆ. ಬರಲಿಲ್ಲವಾ, ಬಿಡು, ಹಿಂದಿನವರನ್ನೇ ಕೇಳು.

ಲೇಖನದಲ್ಲಿ ರೆಡಿಸನ್ನೇ ಮೆಸೇಜ್ ಕ್ಯೂ (ಮೆಸೇಜುಗಳನ್ನು ಸಾಲಾಗಿ ಇಟ್ಟು ಕೊಡುವ ಜಾಗ) ಆಗಿಯೂ ಬಳಸಬಹುದು, ಪಬ್‌ಸಬ್ ಇದೆ ಎಂದಿದ್ದಾರೆ. ಇದಕ್ಕೆ ನನ್ನ ತಕರಾರು ಜಾಸ್ತಿ. ಪಬ್‌ಸಬ್‌ನಲ್ಲಿ ಆ ಕ್ಷಣ ಕೇಳುತ್ತಾ ಕೂತವರಿಗೆ ಮಾತ್ರ ಮೆಸೇಜ್. ಹೊಸ ವರ್ಷನ್ ಹಾಕಲು ಫ್ಲೋ ಅನ್ನು ಒಂದು ನಿಮಿಷ ನಿಲ್ಲಿಸಿದರೆ ಆ ನಿಮಿಷದ್ದು ಗಾಳಿಗೆ ಹೋಯಿತು. 2018ರಲ್ಲಿ ರೆಡಿಸ್ 5.0ರ ಜೊತೆ ಬಂದ ಸ್ಟ್ರೀಮ್ಸ್ ಎಷ್ಟೋ ವಾಸಿ, ಅಲ್ಲಿ ಓದಿದವರು ಎಕ್ಸ್‌ಆಕ್ ಅಂತ ‘ಮುಗೀತು’ ಹೇಳುವ ಕಮಾಂಡ್ ಕೊಡುವ ತನಕ ಮೆಸೇಜ್ ಬಾಕಿ ಪಟ್ಟಿಯಲ್ಲಿ ಇರುತ್ತದೆ. ಆದರೂ ಪ್ರತಿ ಬರಹವನ್ನೂ ದಾಖಲಿಸುವ ಸೆಟಿಂಗ್ ಹಾಕಿಕೊಂಡರೂ ಡಿಸ್ಕಿಗೆ ಬರೆಯುವುದು ಮಾಮೂಲಿಯಾಗಿ ಸೆಕೆಂಡಿಗೊಮ್ಮೆ, ಎರಡನೇ ಸರ್ವರಿಗೆ ನಕಲು ಹೋಗುವುದೂ ಸ್ವಲ್ಪ ಹಿಂದೆಯೇ. ಮುಖ್ಯ ಸರ್ವರ್ ಸತ್ತು ಎರಡನೆಯದು ಎದ್ದು ನಿಂತರೆ, ‘ಬರೆದೆ’ ಅಂತ ನಿಮಗೆ ಹೇಳಿದ ಕೊನೆಯ ಕೆಲವು ಬರಹ ಅಲ್ಲಿ ಇಲ್ಲದಿರಬಹುದು. ಹೌದು, ನಮ್ಮ ಐಡಿ ಪಟ್ಟಿಗೂ ಇದೇ ಅಪಾಯ ಇದೆ, ಅದಕ್ಕೇ ಮೇಲೆ ಯುನೀಕ್ ಇಂಡೆಕ್ಸ್ ಮಾತೆತ್ತಿದ್ದು.

ಲೇಖನದ ಒಂದು ಸಣ್ಣ ತಿದ್ದುಪಡಿ ಕೂಡ. ರೆಡಿಸ್ ಮೊದಲಿಂದ ಇವತ್ತಿನವರೆಗೂ ಒಂದೇ ರೀತಿ ಓಪನ್ ಸೋರ್ಸ್ ಎಂದು ಬರೆದಿದ್ದಾರೆ. 2024ರ ಮಾರ್ಚಿನಲ್ಲಿ ಲೈಸೆನ್ಸ್ ಬದಲಾಗಿ ಓಪನ್ ಸೋರ್ಸ್ ಅಲ್ಲದ್ದಾಯಿತು, ಅದೇ ತಿಂಗಳು ಲಿನಕ್ಸ್ ಫೌಂಡೇಷನ್ ಅಡಿಯಲ್ಲಿ ವಾಲ್‌ಕೀ ಎಂಬ ಕವಲು ಹುಟ್ಟಿತು, 2025ರಲ್ಲಿ ರೆಡಿಸ್ 8ರ ಜೊತೆ ಎಜಿಪಿಎಲ್ ಎಂಬ ಓಪನ್ ಸೋರ್ಸ್ ಲೈಸೆನ್ಸಿನ ಆಯ್ಕೆ ಬಂತು. ಮಾಮೂಲಿ ಕಮಾಂಡುಗಳ ಮಟ್ಟಿಗೆ ಕನೆಕ್ಟರಿಗೆ ಇದರಿಂದ ದೊಡ್ಡ ವ್ಯತ್ಯಾಸ ಇಲ್ಲ, ಎರಡೂ ಒಂದೇ ಭಾಷೆ ಮಾತಾಡುತ್ತವೆ. ಆದರೆ ಕಂಪನಿಯ ಕಾನೂನು ವಿಭಾಗದವರು ಕೇಳುತ್ತಾರೆ, ಉತ್ತರ ಇಟ್ಟುಕೊಂಡಿರಿ.

ಈಗ ನಾನು ಹೊಸ ಜಾಗದಲ್ಲಿದ್ದೇನೆ. ಯಾರಾದರೂ ‘ಇದನ್ನು ರೆಡಿಸ್‌ನಲ್ಲಿ ಇಡೋಣ’ ಎಂದರೆ ಒಂದು ಹಾಳೆ ಕೊಡುತ್ತೇನೆ. ಒಂದು ಕಡೆ ಏನಿಡುತ್ತೀರಿ, ಇನ್ನೊಂದು ಕಡೆ ಅದು ಮರೆತುಹೋದರೆ ಏನಾಗಬೇಕು. ಸರಕಿನ ಪಟ್ಟಿಯ ಮುಂದೆ ‘ಮತ್ತೆ ಕೇಳಿ ತರುವುದು’ ಅಂತ ಯಾರು ಬೇಕಾದರೂ ಬರೆಯುತ್ತಾರೆ. ಐಡಿ ಪಟ್ಟಿಯ ಮುಂದೆ ಪೆನ್ನು ನಿಲ್ಲುತ್ತದೆ. ಐಡಿ ನೋಡಲು ಆಗದೇ ಇದ್ದಾಗ ಮೆಸೇಜನ್ನು ಒಳಗೆ ಬಿಡಬೇಕಾ, ತಡೆಯಬೇಕಾ? ಬಿಟ್ಟರೆ ಎರಡಾಗಬಹುದು, ತಡೆದರೆ ಆರ್ಡರ್ ತಡವಾಗುತ್ತದೆ. ಇದು ಡೆವಲಪರ್ ತೀರ್ಮಾನಿಸುವ ವಿಷಯ ಅಲ್ಲ, ವ್ಯಾಪಾರ ನೋಡಿಕೊಳ್ಳುವವರು ಹೇಳಬೇಕು. ಅವರಿಗೆ ಹಾಳೆ ಕಳಿಸಿ ಮೂರು ವಾರ ಆಯಿತು, ಎರಡು ಸಲ ನೆನಪಿಸಿದ್ದೂ ಆಯಿತು. ಸದ್ಯಕ್ಕೆ ‘ತಡೆ’ ಅಂತ ನಾನೇ ಹಾಕಿಟ್ಟಿದ್ದೇನೆ.

ಇಂತಿ,
ನಿಮ್ಮ ಓದುಗ, ಒಬ್ಬ ಇಂಟಿಗ್ರೇಷನ್ ಡೆವಲಪರ್